ಚೆಂದ ಹಾಡುತ್ತಾಳೆ, ಕೇಳಿ ಗುರುತಿಸಲು ಮಾತ್ರ ಬರುವುದಿಲ್ಲ

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಮಗಳು ಒಂಬತ್ತನೇ ಕ್ಲಾಸು. ನಾಲ್ಕು ವರ್ಷದಿಂದ ವಾರಕ್ಕೆರಡು ದಿನ ಪೇಟೆಗೆ ಹೋಗಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಈ ಸಲ ಜೂನಿಯರ್ ಪರೀಕ್ಷೆ ಕಟ್ಟಿಸೋಣ ಅಂತ ಅವಳ ಟೀಚರ್ ಹೇಳಿದ್ದಾರೆ. ಹೇಳಿಕೊಟ್ಟಿದ್ದನ್ನು ಚೆಂದ ಹಾಡುತ್ತಾಳೆ, ಶ್ರುತಿ ತಪ್ಪುವುದಿಲ್ಲ ಅಂತ ಟೀಚರೇ ಹೇಳುತ್ತಾರೆ. ಆದರೆ ಅವರು ಸ್ವರದ ಹೆಸರು ಹೇಳದೆ ಬರೀ ಅಕಾರದಲ್ಲಿ, 'ಆ' ಅಂತ ನಾಲ್ಕು ಸ್ವರ ಹಾಡಿ 'ಯಾವ ಸ್ವರ ಹೇಳು' ಅಂದರೆ ಸುಮ್ಮನೆ ನಿಂತುಬಿಡುತ್ತಾಳೆ. ರಾಗ ಕೇಳಿದರೂ ಅಷ್ಟೇ. ಒಬ್ಬಳೇ ಹಾಡಿದರೆ ತಾಳ ಓಡುತ್ತದೆ. ನೆಂಟರೊಬ್ಬರು 'ಅದಕ್ಕೆಲ್ಲ ಹುಟ್ಟಿನಿಂದಲೇ ಕಿವಿ ಬೇಕು' ಅಂದರು. ಅವಳೂ ಕೇಳಿಸಿಕೊಂಡಳು. ಆಮೇಲಿಂದ ಅಭ್ಯಾಸಕ್ಕೆ ಕೂರಲು ಹಿಂದೆಮುಂದೆ ನೋಡುತ್ತಿದ್ದಾಳೆ. ಫೋನಿಗೆ ಕಿವಿ ತಯಾರಿಯ ಆ್ಯಪ್ ಹಾಕಿಕೊಟ್ಟೆವು, ಏನೂ ಉಪಯೋಗ ಕಾಣಲಿಲ್ಲ. ಮಳೆಗಾಲದಲ್ಲಿ ಅವಳಿಗೆ ಶೀತ ಜಾಸ್ತಿ, ಕಿವಿ ಕಟ್ಟುತ್ತದೆ. ಅದೇ ಕಾರಣ ಇರಬಹುದಾ? ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬೇರೆ. ಈಗ ಪರೀಕ್ಷೆ ಕಟ್ಟಿಸುವುದಾ, ಬಿಡುವುದಾ? ನನಗೆ ಸಂಗೀತ ಬರುವುದಿಲ್ಲ. ಮನೆಯಲ್ಲಿ ನಾನೇನು ಮಾಡಬಹುದು?

ಉತ್ತರ:

ಪರೀಕ್ಷೆ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ನೆಂಟರು ಆಡಿದ ಮಾತನ್ನು ಅವಳ ತಲೆಯಿಂದ ತೆಗೆಯಬೇಕು. ನಾಲ್ಕು ವರ್ಷ ಕಲಿತ ಹುಡುಗಿ ಅಭ್ಯಾಸಕ್ಕೆ ಕೂರಲು ಹಿಂಜರಿಯುತ್ತಿದ್ದಾಳೆ ಅಂದರೆ ನನಗೆ ಅದೇ ದೊಡ್ಡ ಸಂಕಟ.

ನೀವೇ ಬರೆದಿದ್ದೀರಿ, ಶ್ರುತಿ ತಪ್ಪುವುದಿಲ್ಲ ಅಂತ. ಕಿವಿ ಇಲ್ಲದ ಮಗು ಶ್ರುತಿಗೆ ಸೇರಿ ಹಾಡುವುದು ಹೇಗೆ? ಗಂಟಲಿಗೆ ತಾನೇ ದಾರಿ ಗೊತ್ತಿರುವುದಿಲ್ಲ. ಸ್ವರ ಕೂದಲೆಳೆಯಷ್ಟು ಕೆಳಗೆ ಬಿದ್ದರೆ ಕಿವಿ ಹೇಳುತ್ತದೆ, ಗಂಟಲು ಸರಿಮಾಡಿಕೊಳ್ಳುತ್ತದೆ. ಒಂದೊಂದು ಸ್ವರಕ್ಕೂ ನಿಮ್ಮ ಮಗಳ ಒಳಗೆ ಈ ಕೆಲಸ ನಡೆಯುತ್ತಲೇ ಇದೆ. ಅವಳಲ್ಲಿ ಇಲ್ಲದಿರುವುದು ಒಂದೇ: ಕೇಳಿದ ಸ್ವರಕ್ಕೂ ಅದರ ಹೆಸರಿಗೂ ನಡುವಿನ ದಾರಿ. ಅದು ಹುಟ್ಟಿನಿಂದ ಬರುವುದಲ್ಲ. ಓಡಾಡಿ ಓಡಾಡಿಯೇ ಆ ದಾರಿ ಆಗಬೇಕು.

ನಿಮ್ಮ ಕಡೆ ದನ ಮೇಯಲು ಬಿಡುವ ಮನೆಗಳಲ್ಲಿ ಇದನ್ನು ನೋಡಿರುತ್ತೀರಿ. ಸಂಜೆ ಹಕ್ಕಲಿನಿಂದ ಗಂಟೆ ಸದ್ದು ಬರುತ್ತದೆ. ಹೊಸಬರಿಗೆ ಅದು ಬರೀ ದನದ ಗಂಟೆ. ಮನೆಯ ಅಜ್ಜಿ ಮಾತ್ರ ಕೂತಲ್ಲಿಂದಲೇ 'ಇದು ನಮ್ಮ ಗೌರಿ, ಹಿಂದೆ ಬರ್ತಿರೋದು ಆಚೆಮನೆಯವರದ್ದು' ಅನ್ನುತ್ತಾರೆ. ಅಜ್ಜಿಗೆ ವಿಶೇಷ ಕಿವಿ ಇದೆಯಾ? ಇಲ್ಲ. ಅವರು ಆ ಗಂಟೆಗೆ ದಿನವೂ ಕಾದಿದ್ದಾರೆ. ಅದು ಕೇಳುವ ಮೊದಲೇ ಅದರ ಸದ್ದು ಅವರ ಮನಸ್ಸಿನಲ್ಲಿ ಇರುತ್ತದೆ. ಬಂದ ಸದ್ದನ್ನು ಅದಕ್ಕೆ ತಾಳೆ ಹಾಕುತ್ತಾರೆ, ಅಷ್ಟೇ. ಸ್ವರ ಗುರುತಿಸುವುದೂ ಹೀಗೇ. ಸ್ವರವನ್ನು ಮೊದಲು ಮನಸ್ಸಿನಲ್ಲಿ ಹಾಡಿಕೊಂಡವಳಿಗೆ ಮಾತ್ರ ಹೊರಗೆ ಕೇಳಿದ್ದರ ಗುರುತು ಹತ್ತುತ್ತದೆ.

'ಹುಟ್ಟಿನಿಂದ ಕಿವಿ' ಅಂತ ಜನ ಹೇಳುವಾಗ ಅವರ ಮನಸ್ಸಿನಲ್ಲಿ ಇನ್ನೊಂದು ಸಂಗತಿ ಇರುತ್ತದೆ. ಕೆಲವೇ ಕೆಲವರು ಯಾವ ಆಧಾರವೂ ಇಲ್ಲದೆ, ಹಾರ್ಮೋನಿಯಂನ ಒಂದು ಮನೆ ಒತ್ತಿದ ಕೂಡಲೇ ಅದು ಎಷ್ಟನೇ ಮನೆ ಅಂತ ಹೇಳಬಲ್ಲರು. ಅದು ಅಪರೂಪದ ಶಕ್ತಿ, ನಿಜ. ಆದರೆ ನಮ್ಮ ಸಂಗೀತಕ್ಕೆ ಅದು ಬೇಕಾಗಿಲ್ಲ. ನಮ್ಮಲ್ಲಿ ಸ ಒಂದೇ ಜಾಗದಲ್ಲಿ ಇರುವುದಿಲ್ಲ. ಒಬ್ಬರ ಸ ಇನ್ನೊಬ್ಬರ ಮ ಇರಬಹುದು. ಸ ಎಲ್ಲಿದೆ ಅಂತ ತಿಳಿದ ಮೇಲೆ ಉಳಿದವು ಅದರಿಂದ ಎಷ್ಟು ದೂರ ಅನ್ನುವುದೇ ನಮ್ಮ ಲೆಕ್ಕ. ಅದನ್ನು ಹೆಚ್ಚುಕಡಿಮೆ ಎಲ್ಲರೂ ಕಲಿಯಬಹುದು. ಸ್ವರದ ಏರಿಳಿತವೇ ಗೊತ್ತಾಗದವರು ತೀರಾ ಕಡಿಮೆ, ಅವರಿಗೆ ಶ್ರುತಿಗೆ ಸೇರಿ ಹಾಡುವುದೂ ಕಷ್ಟ. ನಿಮ್ಮ ಮಗಳು ಆ ಗುಂಪಿನವಳಲ್ಲ.

ಹಾಗಾದರೆ ಅವಳು ನಿಲ್ಲುವುದು ಯಾಕೆ? ನಾವು ಟೀಚರುಗಳು ಪಾಠ ಮಾಡುವ ಕ್ರಮದಲ್ಲೇ ಇದರ ಬೇರು ಇದೆ. ನಾನು ಪಾಠ ಹೇಳಲು ಕೂತು ಇಪ್ಪತ್ತೈದು ವರ್ಷ ದಾಟಿತು. ಮೊದಲ ವರ್ಷಗಳಲ್ಲಿ ಸಾಗರದಲ್ಲಿ ಒಬ್ಬ ಹುಡುಗ ಬರುತ್ತಿದ್ದ. ವರ್ಣ ಅನ್ನುವ ದೊಡ್ಡ ಪಾಠವನ್ನು ಎರಡು ಕಾಲದಲ್ಲೂ, ಅಂದರೆ ಎರಡು ವೇಗದಲ್ಲೂ ತಪ್ಪಿಲ್ಲದೆ ಹಾಡುತ್ತಿದ್ದ. ಒಂದು ಸಂಜೆ ಇಬ್ಬರೂ ಹಾಡುತ್ತಿದ್ದೆವು. ಒಳಗೆ ಹಾಲು ಉಕ್ಕುವ ಸದ್ದಾಯಿತು. ನಾನು ಎದ್ದು ಹೋದೆ. ನನ್ನ ದನಿ ನಿಂತ ಕ್ಷಣದಲ್ಲೇ ಅವನದ್ದೂ ನಿಂತಿತು. ವಾಪಸ್ ಬಂದು ನೋಡಿದರೆ ಕೈ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಾ ಕೂತಿದ್ದ. ಅಲ್ಲಿಯವರೆಗೆ ಅವನು ರಾಗವನ್ನು ಕೇಳಿರಲೇ ಇಲ್ಲ, ನನ್ನನ್ನು ಕೇಳುತ್ತಿದ್ದ. ನನ್ನ ದನಿಗಿಂತ ಎಳ್ಳಷ್ಟು ಹಿಂದೆ, ನೆರಳಿನ ಹಾಗೆ ಬರುತ್ತಿದ್ದ. ಅದು ನನ್ನ ತಪ್ಪು. ಪ್ರತಿ ಸಾಲನ್ನೂ ನಾನು ಜೊತೆಗೇ ಹಾಡಿ, ಅವನಿಗೆ ಒಂಟಿಯಾಗಿ ನಡೆಯುವ ಅವಕಾಶವನ್ನೇ ಕೊಟ್ಟಿರಲಿಲ್ಲ.

ನಿಮ್ಮ ಮಗಳದ್ದೂ ಇದೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಒಬ್ಬಳೇ ಹಾಡಿದರೆ ತಾಳ ಓಡುತ್ತದೆ ಅಂದಿರಲ್ಲ, ಆ ಒಂದು ಮಾತು ಸಾಕು. ಜೊತೆಗೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಸರಳೆ ಅನ್ನುವ ಮೊದಲ ಸ್ವರಪಾಠದಿಂದ ಗೀತೆ ಅನ್ನುವ ಚಿಕ್ಕ ಹಾಡಿನವರೆಗೆ ಮಕ್ಕಳು ಸ್ವರವನ್ನು ಕೇಳುವುದು ಯಾವಾಗಲೂ ಹೆಸರಿನ ಜೊತೆಗೆ. 'ಸರಿಗಮ' ಅನ್ನುವ ಅಕ್ಷರವೇ ಅವರಿಗೆ ಗುರುತು. ಅಕ್ಷರ ತೆಗೆದು ಬರೀ 'ಆ' ಅಂದ ಕೂಡಲೇ ಕೈಹಿಡಿಯಲು ಏನೂ ಇಲ್ಲ. ಬೋರ್ಡು ನೋಡಿಕೊಂಡೇ ಬಸ್ಸು ಹತ್ತುವವರಿಗೆ ಬೋರ್ಡಿಲ್ಲದ ಬಸ್ಸು ಬಂದ ಹಾಗೆ.

ಈಗ ಮನೆಯಲ್ಲಿ ನೀವು ಮಾಡಬಹುದಾದ ಕೆಲಸ. ಇದಕ್ಕೆ ನಿಮಗೆ ಸಂಗೀತ ಬರಬೇಕಾಗಿಲ್ಲ.

ಟೀಚರ ಹತ್ತಿರ ಒಂದು ಸರಳೆಯನ್ನು ತಂಬೂರಿ ಜೊತೆ, ನಿಧಾನವಾಗಿ, ನಾಲ್ಕೈದು ಆವರ್ತ (ತಾಳದ ಪೂರ್ತಿ ಸುತ್ತು) ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಯಲ್ಲಿ ಅದನ್ನು ಹಾಕಿ. ಮಗಳು ತಾಳ ಹಾಕುತ್ತಾ ಜೊತೆಗೆ ಹಾಡಲಿ. ನಡುವೆ ನೀವು ಹೇಳದೆ ಕೇಳದೆ ಸೌಂಡ್ ಪೂರ್ತಿ ಕಡಿಮೆ ಮಾಡಿ. ಅವಳು ನಿಲ್ಲಿಸದೆ ಹಾಡುತ್ತಾ ಹೋಗಬೇಕು. ನಾಲ್ಕೆಣಿಕೆ ಆದ ಮೇಲೆ ಸೌಂಡ್ ವಾಪಸ್ ಏರಿಸಿ. ಟೀಚರ ದನಿಯೂ ಅವಳ ದನಿಯೂ ಒಂದೇ ಜಾಗದಲ್ಲಿ ಸೇರಿದರೆ ನಿಮಗೇ ಗೊತ್ತಾಗುತ್ತದೆ. ಸೇರದಿದ್ದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಕಿವಿಗೆ ಕಲ್ಲು ತಗುಲಿದ ಹಾಗೆ. ತಾಳ ಓಡಿದೆಯೋ, ಶ್ರುತಿ ಜಾರಿದೆಯೋ ಎರಡೂ ಇಲ್ಲಿ ಸಿಕ್ಕಿಬೀಳುತ್ತವೆ. ಒಂದು ವಾರ ಹೀಗೆ ಮಾಡಿ.

ಎರಡನೇ ವಾರ ಒಂದು ಬದಲಾವಣೆ. ಸೌಂಡ್ ಇಳಿಸಿದಾಗ ಅವಳೂ ಬಾಯಿ ಮುಚ್ಚಬೇಕು. ತಾಳ ಮಾತ್ರ ನಡೆಯಲಿ. ಸ್ವರ ಮನಸ್ಸಿನಲ್ಲಿ ಓಡಲಿ. ನೀವು ತಲೆಯಾಡಿಸಿದ ಕೂಡಲೇ ಅವಳು ಅಲ್ಲಿಂದಲೇ ಬಾಯಿ ಬಿಟ್ಟು ಹಾಡಬೇಕು, ಅದೇ ಹೊತ್ತಿಗೆ ನೀವು ಸೌಂಡ್ ಏರಿಸಬೇಕು. ಇದು ಕಷ್ಟ. ಮೊದಮೊದಲು ಎರಡೇ ಎಣಿಕೆ ಮೌನ ಸಾಕು. ಆಮೇಲೆ ನಾಲ್ಕು, ಆಮೇಲೆ ಒಂದು ಪೂರ್ತಿ ಆವರ್ತ. ನನ್ನ ಅನುಭವದಲ್ಲಿ ಒಂದಾವರ್ತ ಮೌನ ದಾಟಿದ ಮಕ್ಕಳಿಗೆ ಅಕಾರದ ಸ್ವರ ಹೇಳುವುದು ಬೇಗ ಬರುತ್ತದೆ. ಯಾಕೆಂದರೆ ಸ್ವರ ಈಗ ಅವರ ಒಳಗೆ ಕೂತಿದೆ, ಹೊರಗಿನಿಂದ ಬರಬೇಕಾಗಿಲ್ಲ. ದಿನಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಮಾಡಿಸಬೇಡಿ. ಈ ಕೆಲಸದಲ್ಲಿ ತಲೆ ಬೇಗ ದಣಿಯುತ್ತದೆ, ದಣಿದ ಮೇಲೆ ಊಹೆ ಶುರುವಾಗುತ್ತದೆ. ಊಹೆ ಅಭ್ಯಾಸವಾದರೆ ಬಿಡಿಸುವುದು ಕಷ್ಟ.

ಇದರ ಜೊತೆಗೆ ಅವಳ ಟೀಚರಲ್ಲಿ ಒಂದು ವಿನಂತಿ ಮಾಡಿಕೊಳ್ಳಿ. ಅಕಾರದಲ್ಲಿ ಕೇಳುವಾಗ ಏಳೂ ಸ್ವರ ಒಟ್ಟಿಗೆ ಬೇಡ. ಮೊದಲು ಸ, ಪ, ಮೇಲಿನ ಸ ಮೂರೇ ಇರಲಿ. ಇವು ತಂಬೂರಿಯಲ್ಲೇ ಇವೆ, ಹಾಗಾಗಿ ಬೇಗ ಸಿಗುತ್ತವೆ. ಅವು ಗಟ್ಟಿಯಾದ ಮೇಲೆ ಗ ಸೇರಿಸಲಿ. ಸರಳೆ ಕಲಿಯುವುದು ಮಾಯಾಮಾಳವಗೌಳದಲ್ಲಿ ಅಲ್ವಾ, ಅದರ ಗ ಅಂತರ ಗಾಂಧಾರ. ಒಂದು ಒಳ್ಳೆಯ ತಂಬೂರಿ ಸಿಕ್ಕಿದರೆ ಅವಳನ್ನು ಹತ್ತಿರ ಕೂರಿಸಿ, ಮಂದ್ರ ಷಡ್ಜದ, ಅಂದರೆ ಕೆಳಗಿನ ಸ ತಂತಿಯೊಂದನ್ನೇ ಮೀಟಿಸಿ. ತಂತಿಯ ಕೆಳಗೆ ಇಡುವ ದಾರ, ಜೀವಾಳಿ, ಸರಿಯಾಗಿ ಕೂತಿದ್ದರೆ, ಸ ನಿಧಾನವಾಗಿ ಕರಗುವಾಗ ಅದರ ಒಳಗಿಂದ ಇನ್ನೊಂದು ಸ್ವರ ಏಳುತ್ತದೆ. ಅದೇ ಗ. ಅದಕ್ಕಾಗಿ ಯಾರೂ ತಂತಿ ಕಟ್ಟಿಲ್ಲ. ಸ್ವಯಂಭೂ ಗಾಂಧಾರ ಅಂತ ಅದಕ್ಕೇ ಕರೆಯುತ್ತೇವೆ. ಅದು ಮೊದಲ ಸಲ ಕಿವಿಗೆ ಬಿದ್ದಾಗ ಮಕ್ಕಳ ಮುಖ ನೋಡಬೇಕು. ಕಣ್ಣು ದೊಡ್ಡದಾಗುತ್ತದೆ, ಇನ್ನೊಂದು ಸಲ ಮೀಟಿ ಅನ್ನುತ್ತಾರೆ. ನನ್ನ ಪಾಠದಲ್ಲಿ ನನಗೆ ಬಹಳ ಇಷ್ಟವಾದ ಕ್ಷಣ ಅದು.

ಉಳಿದ ಸ್ವರಗಳಿಗೆ ಒಂದೊಂದು ಸ್ವಭಾವ ಇದೆ. ಈ ರಾಗದ ರಿ, ಸ ಪಕ್ಕಕ್ಕೇ ಅಂಟಿಕೊಂಡು ಕೂತಿರುತ್ತದೆ. ಧ ಹಾಗೇ ಪ ಪಕ್ಕಕ್ಕೆ. ನಿ ಅನ್ನುವುದು ಹೊಸ್ತಿಲ ಮೇಲೆ ನಿಂತ ಹಾಗೆ, ಇನ್ನೊಂದು ಹೆಜ್ಜೆ ಇಟ್ಟರೆ ಮೇಲಿನ ಸ. ಸರಿಗಮ ಹಾಡಿ ನೋಡಿ: ಸಣ್ಣ ಹೆಜ್ಜೆ, ದೊಡ್ಡ ಹೆಜ್ಜೆ, ಸಣ್ಣ ಹೆಜ್ಜೆ. ಪಧನಿಸ ಹಾಡಿ: ಅದೇ ಸಣ್ಣ, ದೊಡ್ಡ, ಸಣ್ಣ. ಎರಡೂ ಒಂದೇ ಅಚ್ಚು. ಆರಂಭದ ಪಾಠಕ್ಕೆ ಈ ರಾಗವನ್ನು ಇಟ್ಟವರು ಪುರಂದರದಾಸರು ಅಂತ ಪರಂಪರೆ ಹೇಳುತ್ತದೆ. ದಾಸರು ಹುಟ್ಟಿದ್ದು ನಿಮ್ಮದೇ ತಾಲ್ಲೂಕಿನ ಆರಗದ ಕಡೆ ಅಂತ ತಜ್ಞರ ಸಮಿತಿಯೊಂದು ಹೇಳಿದೆ, ಅದು ಗೊತ್ತಿರಬಹುದು. ಅರ್ಧ ಕಲಿತರೆ ಪೂರ್ತಿ ಕಲಿತ ಹಾಗೆ ಆಗುವ ರಾಗ ಇದು. ನಿಮ್ಮ ಮಗಳಿಗೆ ಇದನ್ನು ಬಿಡಿಸಿ ಹೇಳಿದರೆ ಏಳು ಸ್ವರದ ಭಯ ನಾಲ್ಕಕ್ಕೆ ಇಳಿಯುತ್ತದೆ.

ತಂಬೂರಿ ಇಲ್ಲದವರು ಫೋನಿನ ತಂಬೂರಿ ಬಳಸುತ್ತಾರೆ. ತಪ್ಪಿಲ್ಲ. ಒಂದು ತೊಂದರೆ ಮಾತ್ರ ತಿಳಿದಿರಲಿ. ಅವಳ ಶ್ರುತಿ ಬಿಳಿ ಐದು, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ ಅಂತ ಇಟ್ಟುಕೊಳ್ಳಿ. ಮಂದ್ರ ಷಡ್ಜ ಆಗ ಸುಮಾರು 98 ಹರ್ಟ್ಜ್. ಫೋನಿನ ಸಣ್ಣ ಸ್ಪೀಕರಿಗೆ ಅಷ್ಟು ಕೆಳಗಿನ ನಾದ ಹೊರಡಿಸುವ ತಾಕತ್ತಿಲ್ಲ. ಮೇಲಿನ ಜುಂಯ್ ಮಾತ್ರ ಕೇಳುತ್ತದೆ, ತಳವೇ ಇರುವುದಿಲ್ಲ. ಮನೆಯಲ್ಲಿ ಯಾವುದಾದರೂ ದೊಡ್ಡ ಸ್ಪೀಕರ್ ಇದ್ದರೆ ಅದಕ್ಕೆ ಹಾಕಿ, ಇಲ್ಲವೇ ಶ್ರುತಿ ಪೆಟ್ಟಿಗೆ ಕೊಳ್ಳಿ. ಇಯರ್‌ಫೋನ್ ಆದರೆ ಸೌಂಡ್ ಅರ್ಧಕ್ಕಿಂತ ಮೇಲೆ ಬೇಡ. ಆಷಾಢದಲ್ಲಿ ತಗಡಿನ ಶೀಟಿನ ಮೇಲೆ ಮಳೆ ಹೊಡೆಯುವಾಗ ಮಕ್ಕಳು ಸೌಂಡನ್ನು ತುದಿಗೆ ಏರಿಸಿಬಿಡುತ್ತಾರೆ, ಅದು ಕಿವಿಗೆ ಹಾನಿ. ಅಂಥ ಹೊತ್ತಿನಲ್ಲಿ ಕೇಳುವ ಪಾಠ ಬಿಟ್ಟು ಥಿಯರಿ ಓದಲಿ.

ಇನ್ನು ಆ್ಯಪ್ ಯಾಕೆ ಕೆಲಸ ಮಾಡಲಿಲ್ಲ ಅಂದಿರಿ. ಅಂಥ ಬಹಳಷ್ಟು ಆ್ಯಪ್‌ಗಳನ್ನು ಮಾಡಿದ್ದು ಪಾಶ್ಚಾತ್ಯ ಸಂಗೀತದ ಪರೀಕ್ಷೆಗಳಿಗೆ. ಅಲ್ಲಿ ಕಿವಿಗೆ ಬೇರೆಯೇ ಪರೀಕ್ಷೆ ಇರುತ್ತದೆ. ಎಬಿಆರ್‌ಎಸ್‌ಎಂ ಅನ್ನುವ ಬ್ರಿಟಿಷ್ ಸಂಸ್ಥೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ 150 ಅಂಕದಲ್ಲಿ 18 ಅಂಕ ಅದಕ್ಕೇ ಮೀಸಲು. ಪರೀಕ್ಷಕರು ಪಿಯಾನೋ ನುಡಿಸುತ್ತಾರೆ, ಮಗು ಲಯಕ್ಕೆ ಚಪ್ಪಾಳೆ ತಟ್ಟಬೇಕು, ನುಡಿಸಿದ್ದನ್ನು ವಾಪಸ್ ಹಾಡಬೇಕು. ಆ ತಯಾರಿಗೆ ಆ್ಯಪ್ ಒಳ್ಳೆಯದು. ಆದರೆ ಅದರಲ್ಲಿ ಪಿಯಾನೋದ ನೆಟ್ಟನೆಯ ಸ್ವರ ಬರುತ್ತದೆ, ಸ್ವರವನ್ನು ತೂಗಿ ಹಾಡುವ ಗಮಕ ಇಲ್ಲ, ಹಿಂದೆ ತಂಬೂರಿ ಇಲ್ಲ, ಪ್ರತಿ ಪ್ರಶ್ನೆಗೂ ಆಧಾರದ ಸ್ವರ ಬದಲಾಗುತ್ತಾ ಇರುತ್ತದೆ. ನಮ್ಮ ಮಗು ಸ ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಮುಂದೆ ಬೇಕಿದ್ದರೆ ಬಳಸಲಿ, ಈಗ ಬೇಡ.

ಸುಮ್ನೆ ಮನೆಯಲ್ಲಿ ಇಡೀ ದಿನ ಕಛೇರಿ ಹಾಕಿಟ್ಟರೆ ಕಿವಿ ತಯಾರಾಗುತ್ತದೆ ಅನ್ನುವ ನಂಬಿಕೆ ಬಹಳ ಜನಕ್ಕಿದೆ. ಸಂಗೀತದ ವಾತಾವರಣ ಒಳ್ಳೆಯದು, ಬೇಡ ಅನ್ನುವುದಿಲ್ಲ. ಆದರೆ ಮನೆ ಪಕ್ಕದ ಹೊಳೆಯ ಸದ್ದು ಮನೆಯವರಿಗೆ ಕೇಳುತ್ತದಾ? ಸದಾ ಇರುವ ಸದ್ದನ್ನು ಮನಸ್ಸು ಬದಿಗೆ ಸರಿಸುತ್ತದೆ. ಮೂರು ಗಂಟೆ ಹಿಂದೆ ಓಡುವ ಹಾಡಿಗಿಂತ ಕಣ್ಣು ಮುಚ್ಚಿ ಕೂತು ಕೇಳಿದ ಐದು ನಿಮಿಷದ ಆಲಾಪನೆ ಮೇಲು.

ರಾಗ ಗುರುತಿಸುವುದರಲ್ಲಿ ಮಕ್ಕಳು ಎಡವುವ ಜಾಗ ಬೇರೆ. ಪರೀಕ್ಷೆ ಹತ್ತಿರ ಬಂದ ಹಾಗೆ ಎಲ್ಲ ರಾಗಗಳ ಆರೋಹಣ ಅವರೋಹಣವನ್ನು, ಅಂದರೆ ಹತ್ತುವ ಇಳಿಯುವ ಸ್ವರಗಳ ಸಾಲನ್ನು, ಮಗ್ಗಿ ಹಾಗೆ ಉರು ಹೊಡೆಯುತ್ತಾರೆ. ಬರೆಯುವ ಪೇಪರಿಗೆ ಅದು ಬೇಕು. ಕಿವಿಗೆ ಅದರಿಂದ ಏನೂ ಸಿಗುವುದಿಲ್ಲ. ಕಿವಿ ಕಲಿಯುವುದು ವ್ಯತ್ಯಾಸದಿಂದ. ಹಾಗಾಗಿ ರಾಗಗಳನ್ನು ಜೋಡಿ ಜೋಡಿಯಾಗಿ ಕೇಳಿಸಬೇಕು. ಮೋಹನ ಮತ್ತು ಹಂಸಧ್ವನಿ ತೆಗೆದುಕೊಳ್ಳಿ. ಸ ರಿ ಗ ಪ ಎರಡಕ್ಕೂ ಒಂದೇ. ಮೋಹನ ಆಮೇಲೆ ಧ ಹಿಡಿಯುತ್ತದೆ, ಹಂಸಧ್ವನಿ ಧ ಬಿಟ್ಟು ನಿಗೆ ಹೋಗುತ್ತದೆ. ಮಗಳು ಕೇಳಬೇಕಾದ್ದು ಆ ಒಂದೇ ಜಾಗ: ಪ ದಾಟಿದ ಮೇಲೆ ಏನಾಯಿತು? ಹೊಸ್ತಿಲ ಮೇಲೆ ನಿಂತ ಹಾಗೆ ಕೇಳಿದರೆ ಹಂಸಧ್ವನಿ. ಇದು ಗಟ್ಟಿಯಾದರೆ ಮೋಹನ ಮತ್ತು ಶುದ್ಧಸಾವೇರಿ. ಅಲ್ಲಿ ಗ ಜಾಗಕ್ಕೆ ಮ ಬರುತ್ತದೆ. ಆಮೇಲೆ ಶಂಕರಾಭರಣ ಮತ್ತು ಕಲ್ಯಾಣಿ. ಮೇಳದ, ಅಂದರೆ ಮೂಲ ರಾಗಗಳ ಪಟ್ಟಿಯ ಲೆಕ್ಕದಲ್ಲಿ ಒಂದು 29, ಇನ್ನೊಂದು 65, ಎಷ್ಟೋ ದೂರ. ಕಿವಿಯ ಲೆಕ್ಕದಲ್ಲಿ ಮ ಒಂದೇ ಬೇರೆ. ಗೀತೆ ಕಲಿತ ಮಕ್ಕಳಿಗೆ ಮಾಯಾಮಾಳವಗೌಳ ಮತ್ತು ಮಲಹರಿ ಜೋಡಿಯೂ ಚೆನ್ನಾಗಿ ಹಿಡಿಸುತ್ತದೆ. ಮಲಹರಿಯಲ್ಲಿ ನಿ ಇಲ್ಲವೇ ಇಲ್ಲ, ಗ ಬರುವುದು ಇಳಿಯುವಾಗ ಮಾತ್ರ. ಹತ್ತುವಾಗ ಗ ಕೇಳಿದರೆ ಅದು ಮಲಹರಿ ಅಲ್ಲ, ಅಷ್ಟು ಸರಳ.

ಹಾಡಿನಿಂದ ರಾಗ ನೆನಪಿಟ್ಟುಕೊಳ್ಳುವುದು ಎಲ್ಲರೂ ಮಾಡುವ ಉಪಾಯ. 'ಇದು ಆ ಗೀತೆ ಥರ ಇದೆ, ಹಾಗಾದರೆ ಮೋಹನ' ಅಂತ. ಕ್ಲಾಸಿನಲ್ಲಿ ಕಲಿತ ಗೀತೆ, ಕೃತಿ ಆದರೆ ಧೈರ್ಯವಾಗಿ ಮಾಡಲಿ. ಸಿನಿಮಾ ಹಾಡನ್ನು ಆಧಾರ ಮಾಡಿಕೊಂಡರೆ ಅಪಾಯ ಇದೆ. ಅಲ್ಲಿ ಪಲ್ಲವಿ ಒಂದು ರಾಗದ ಹಾಗೆ ಶುರುವಾಗಿ ಚರಣದಲ್ಲಿ ಹೊರಗಿನ ಸ್ವರ ಬಂದುಬಿಡುತ್ತದೆ.

ನೀವು ಶಿವಮೊಗ್ಗ ಸೀಮೆಯಲ್ಲಿ ಇರುವುದಕ್ಕೆ ಒಂದು ದೊಡ್ಡ ಲಾಭ ಇದೆ, ಅದನ್ನು ಬಳಸಿಕೊಳ್ಳಿ. ತುಂಗೆಯ ಆಚೆ ಈಚೆ ಇರುವ ಮತ್ತೂರು ಹೊಸಹಳ್ಳಿಯ ಹೆಸರು ಕೇಳಿರುತ್ತೀರಿ. ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗದಲ್ಲಿ ಓದುವ ಕಲೆಗೆ, ಹೆಸರಾದ ಊರು. ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಅಲ್ಲಿಯವರು. ಗಮಕ ವಾಚನ ಎಲ್ಲಿ ನಡೆದರೂ ಮಗಳನ್ನು ಕರೆದುಕೊಂಡು ಹೋಗಿ, ರೆಕಾರ್ಡಿಂಗ್ ಸಿಕ್ಕಿದರೂ ಕೇಳಿಸಿ. ಯಾಕೆ ಅಂದರೆ ಕುಮಾರವ್ಯಾಸನ ಭಾರತ ಪೂರ್ತಿ ಭಾಮಿನಿ ಷಟ್ಪದಿಯಲ್ಲಿದೆ. ಪದ್ಯದ ನಡಿಗೆ ಎಲ್ಲ ಕಡೆಯೂ ಒಂದೇ. ಗಮಕಿಗಳು ಸಂದರ್ಭಕ್ಕೆ ತಕ್ಕ ಹಾಗೆ ರಾಗ ಬದಲಿಸುತ್ತಾ ಹೋಗುತ್ತಾರೆ. ತಾಳದ ಗದ್ದಲ ಇಲ್ಲ, ಗೊತ್ತಿರುವ ಹಾಡಿನ ಧಾಟಿಯ ಆಸರೆ ಇಲ್ಲ. ರಾಗ ಬದಲಾದದ್ದು ಕಿವಿಗೆ ಮಾತ್ರ ಗೊತ್ತಾಗಬೇಕು. ರಾಗದ ಹೆಸರು ಹೇಳಬೇಕಾಗಿಲ್ಲ, 'ಈಗ ಬದಲಾಯಿತು' ಅಂತ ಬೆರಳು ಎತ್ತಿದರೂ ಸಾಕು. ಇದಕ್ಕಿಂತ ಒಳ್ಳೆಯ ರಾಗದ ಪಾಠ ನನಗೆ ಗೊತ್ತಿಲ್ಲ.

ತಾಳಕ್ಕೆ ಯಕ್ಷಗಾನ ಇದೆ. ಆಟಕ್ಕೆ ಹೋದಾಗ ವೇಷ ನೋಡಲು ಎದುರಿಗೆ ಕೂರುವ ಬದಲು ಒಂದು ಗಂಟೆ ಮದ್ದಲೆ ಹತ್ತಿರ ಕೂರಲಿ. ಭಾಗವತರ ಕೈತಾಳ ಎಲ್ಲಿ ಬೀಳುತ್ತದೆ ನೋಡಲಿ, ತೊಡೆಯ ಮೇಲೆ ತಾನೂ ತಟ್ಟಲಿ. ಕುಣಿತ ಜೋರಾದಾಗಲೂ ಆವರ್ತ ಕೈತಪ್ಪದೆ ಉಳಿಯಿತೋ ಇಲ್ಲವೋ, ಅದೇ ಪರೀಕ್ಷೆ. ಒಂದು ಎಚ್ಚರಿಕೆ: ಯಕ್ಷಗಾನದ ತಾಳಗಳ ಹೆಸರು ನಮ್ಮ ತಾಳಗಳ ಹಾಗೇ ಕೇಳಿದರೂ ಹಾಕುವ ಕ್ರಮ, ನಡೆ ಬೇರೆ ಇರುತ್ತದೆ. ಅಲ್ಲಿಯ ರೂಪಕ, ಝಂಪೆಯನ್ನು ತಂದು ಥಿಯರಿ ಪೇಪರಿನಲ್ಲಿ ಬರೆಯಬಾರದು. ಮನೆಯಲ್ಲಿ ಆದಿತಾಳ ಹಾಕುತ್ತಾ ನಿಮ್ಮ ಜೊತೆ ಮಾತಾಡಲಿ. 'ಇವತ್ತು ಶಾಲೆಯಲ್ಲಿ ಏನಾಯಿತು' ಅಂತ ಕೇಳಿ, ಅವಳು ಕೈ ನಿಲ್ಲಿಸದೆ ಉತ್ತರ ಹೇಳಬೇಕು. ಎಂಟೆಣಿಕೆ ಮಾತಿನ ನಡುವೆಯೂ ಸಮನಾಗಿ ನಡೆದರೆ ಹಾಡಿನ ನಡುವೆ ಓಡುವುದಿಲ್ಲ.

ಆಕಾಶವಾಣಿಯಲ್ಲಿ ಶಾಸ್ತ್ರೀಯ ಸಂಗೀತ ಬರುವ ಹೊತ್ತು ನೋಡಿಟ್ಟುಕೊಳ್ಳಿ. ಭದ್ರಾವತಿ ಕೇಂದ್ರ ನಿಮಗೆ ಹತ್ತಿರ. ಹಾಡಿಗೆ ಮೊದಲು ರಾಗ, ತಾಳದ ಹೆಸರು ಹೇಳುವಾಗ ಮಗಳು ಕಿವಿ ಮುಚ್ಚಿಕೊಳ್ಳಲಿ, ನೀವು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಾಡು ಮುಗಿದ ಮೇಲೆ ಅವಳು ಹೇಳಿದ್ದಕ್ಕೂ ಚೀಟಿಗೂ ತಾಳೆ ನೋಡಿ. ಹತ್ತರಲ್ಲಿ ಎಂಟು ತಪ್ಪಾಗುತ್ತದೆ, ಅವಳು ಕಲಿಯದ ರಾಗಗಳೇ ಜಾಸ್ತಿ ಇರುತ್ತವೆ. ಪರವಾಗಿಲ್ಲ. 'ಇದು ನಾನು ಕಲಿತಿದ್ದಲ್ಲ' ಅಂತ ಹೇಳಲು ಬಂದರೆ ಅದೂ ಸರಿ ಉತ್ತರವೇ.

ಶೀತದ ವಿಷಯ. ನಾನು ಡಾಕ್ಟರ್ ಅಲ್ಲ, ಆದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಶೀತ ಆದಾಗ ಮಕ್ಕಳಿಗೆ ಕಿವಿ ತಮಟೆಯ ಹಿಂದೆ ನೀರು ನಿಲ್ಲಬಹುದು. ನೋವು ಇಲ್ಲದೆಯೂ ಕೇಳಿಸುವುದು ಮಂಕಾಗುತ್ತದೆ. ಬಹಳ ಸಲ ತಾನಾಗಿ ಕಡಿಮೆಯಾಗುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಕರೆದರೆ ಎರಡನೇ ಸಲಕ್ಕೆ ತಿರುಗುತ್ತಾಳಾ? ಟಿವಿ ಸೌಂಡ್ ಜಾಸ್ತಿ ಇಡುತ್ತಾಳಾ? ಕ್ಲಾಸಿನಲ್ಲಿ ಮುಂದೆ ಕೂತರೆ ಮಾತ್ರ ಕೇಳುತ್ತದಾ? ಇದರಲ್ಲಿ ಒಂದಕ್ಕಾದರೂ ಹೌದು ಅಂತಾದರೆ ಕಿವಿ, ಮೂಗು, ಗಂಟಲು ಡಾಕ್ಟರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಎಣ್ಣೆ ಕಾಯಿಸಿ ಬಿಡುವುದು, ಕಡ್ಡಿ ಹಾಕುವುದು ಬೇಡ. ಆದರೆ ಬೇಸಿಗೆಯಲ್ಲೂ ಅವಳು ಅಕಾರದ ಸ್ವರಕ್ಕೆ ಹೀಗೇ ನಿಲ್ಲುತ್ತಿದ್ದಳು ಅಂತಾದರೆ ಮೂಲ ಕಾರಣ ಶೀತ ಅಲ್ಲ. ಮೂಗು ಕಟ್ಟಿದ ದಿನ ಕೇಳುವ ಪಾಠ ಮಾಡಿಸಿ 'ಇವತ್ತೂ ಬರಲಿಲ್ಲ' ಅನ್ನುವುದು ಮಾತ್ರ ಅನ್ಯಾಯ.

ಈಗ ಪರೀಕ್ಷೆ. ನಿಮಗೆ ಮೂರು ದಾರಿ ಕಾಣುತ್ತವೆ. ಈ ವರ್ಷವೇ ಕಟ್ಟಿಸುವುದು ಒಂದು. ಜೂನಿಯರ್ ಮಟ್ಟದಲ್ಲಿ ಮುಖ್ಯ ತೂಕ ಕಲಿತ ಪಾಠಗಳನ್ನು ಶ್ರುತಿ, ತಾಳ ಬಿಡದೆ ಒಪ್ಪಿಸುವುದಕ್ಕೆ. ಪರೀಕ್ಷಕರು ನಡುವೆ ತಡೆದು 'ಈ ಸಾಲಿನ ಸ್ವರ ಹೇಳು', 'ಇದನ್ನು ಎರಡನೇ ಕಾಲದಲ್ಲಿ ಹಾಡು' ಅಂತ ಕೇಳಬಹುದು. ಕೇಳಿ ಗುರುತಿಸುವ ಶಕ್ತಿ ಒರೆಗೆ ಬೀಳುವುದು ಅಲ್ಲಿ. ಶ್ರುತಿಯಲ್ಲಿ ಹಾಡುವ ಹುಡುಗಿಗೆ ಇದು ಕೈಗೆಟುಕದ್ದಲ್ಲ. ಅಪಾಯ ಏನೆಂದರೆ, ಪಾಸಾದ ಮೇಲೆ ಯಾರೂ ಈ ಕೊರತೆಯ ಕಡೆ ತಿರುಗಿ ನೋಡುವುದಿಲ್ಲ. ಸೀನಿಯರ್‌ಗೆ ಹೋದಾಗ ಆಲಾಪನೆ, ಕಲ್ಪನಾಸ್ವರ ಅಂತ ತಾನೇ ಕಲ್ಪಿಸಿ ಹಾಡುವುದು ಶುರುವಾಗುವ ಹೊತ್ತಿಗೆ ಅದು ಗೋಡೆಯಾಗಿ ನಿಲ್ಲುತ್ತದೆ. ಎಷ್ಟೋ ಮಕ್ಕಳು ಅಲ್ಲೇ ಸಂಗೀತ ಬಿಟ್ಟಿದ್ದನ್ನು ನೋಡಿದ್ದೇನೆ.

ಎರಡನೆಯದು ಮುಂದಕ್ಕೆ ಹಾಕುವುದು. ಬರುವ ವರ್ಷ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ. ಮುಂದಕ್ಕೆ ಹಾಕಿದ್ದು ಮುಂದಕ್ಕೇ ಹೋಗುತ್ತಿರುತ್ತದೆ. ಜೊತೆಗೆ ಈ ಹೊತ್ತಿನಲ್ಲಿ ಬಿಟ್ಟರೆ ನೆಂಟರ ಮಾತೇ ನಿಜ ಅಂತ ಅವಳಿಗೆ ಅನ್ನಿಸಿಬಿಡುತ್ತದೆ. ನನಗೆ ಇದೇ ದೊಡ್ಡ ಕಾರಣ.

ಮೂರನೆಯದು ಆನ್‌ಲೈನಿನಲ್ಲಿ ಇನ್ನೊಬ್ಬರ ಹತ್ತಿರ ಕೇಳುವ ಪಾಠಕ್ಕೆ ಮಾತ್ರ ಸೇರಿಸುವುದು. ಒಳ್ಳೆಯ ಟೀಚರ್ ಸಿಕ್ಕಿದರೆ ಲಾಭ ಇದೆ. ಆದರೆ ವಿಡಿಯೋ ಕಾಲ್‌ನಲ್ಲಿ ದನಿ ತಡವಾಗಿ ಬರುವುದರಿಂದ ಇಬ್ಬರೂ ಒಟ್ಟಿಗೆ ಹಾಡಲು, ತಾಳ ಹಾಕಲು ಆಗುವುದಿಲ್ಲ. ಇನ್ನೊಂದು, ಝೂಮ್ ಥರದ್ದು ತಂಬೂರಿಯನ್ನು ಹಿನ್ನೆಲೆ ಗದ್ದಲ ಅಂದುಕೊಂಡು ಅಳಿಸಿಹಾಕುತ್ತದೆ. ಸೆಟ್ಟಿಂಗ್‌ನಲ್ಲಿ ಒರಿಜಿನಲ್ ಸೌಂಡ್ ಹಾಕಿಕೊಳ್ಳದಿದ್ದರೆ ಮಗು ಶ್ರುತಿಯೇ ಇಲ್ಲದೆ ಸ್ವರ ಹುಡುಕುತ್ತಾ ಕೂರಬೇಕಾಗುತ್ತದೆ. ನಿಮ್ಮ ಕಡೆ ನೆಟ್‌ವರ್ಕ್ ಸಿಗುವುದೇ ಅಂಗಳದ ಮೂಲೆಯಲ್ಲಿ ಅಂತಾದರೆ ಇದನ್ನು ಬಿಟ್ಟುಬಿಡಿ. ಒಂದೇ ಹಾಡನ್ನು ಇಬ್ಬರು ಟೀಚರುಗಳು ಎರಡು ಥರ ಹೇಳಿಕೊಡುವ ಪಾಠಾಂತರದ ಗೊಂದಲವೂ ಪರೀಕ್ಷೆ ವರ್ಷದಲ್ಲಿ ಬೇಡ.

ನನ್ನ ಮಾತು ಕೇಳುವುದಾದರೆ ಈ ವರ್ಷವೇ ಕಟ್ಟಿಸಿ. ಈಗಿನ ಟೀಚರ ಹತ್ತಿರವೇ ಮುಂದುವರಿಸಿ. ವಾರದ ಎರಡು ಪಾಠಗಳಲ್ಲಿ ಒಂದರ ಮೊದಲ ಹತ್ತು ನಿಮಿಷ ಅಕಾರದ ಸ್ವರಕ್ಕೆ ಇಡಿ ಅಂತ ಅವರನ್ನು ಕೇಳಿಕೊಳ್ಳಿ, ಮತ್ತು ತಯಾರಾದ ಪಾಠಗಳನ್ನು ಅವರು ಜೊತೆಗೆ ಹಾಡದೆ ಒಪ್ಪಿಸಿಕೊಳ್ಳಲಿ. ಸಂಕೋಚ ಬೇಡ. ಹಾಗೆ ಕೇಳುವ ತಾಯಂದಿರು ನನಗೆ ಸಿಕ್ಕಿದ್ದರೆ ನಾನು ಸಂತೋಷಪಡುತ್ತಿದ್ದೆ.

ಪರೀಕ್ಷೆಯ ಕೋಣೆಗೆ ಹೋದಾಗ ಅವಳು ಮಾಡಬೇಕಾದ್ದು ಒಂದಿದೆ, ಅದನ್ನು ಈಗಿನಿಂದಲೇ ರೂಢಿ ಮಾಡಿಸಿ. ಕೂತ ಕೂಡಲೇ ಹಾಡಲು ಶುರು ಮಾಡಬಾರದು. ಶ್ರುತಿ ಹಾಕಿ, ಕಣ್ಣು ಮುಚ್ಚಿ, ಬಾಯಿ ಮುಚ್ಚಿಕೊಂಡೇ ಸ, ಪ, ಮೇಲಿನ ಸ ಒಮ್ಮೆ ಗುನುಗಬೇಕು. ಹತ್ತು ಸೆಕೆಂಡು ಸಾಕು. ಪರೀಕ್ಷಕರು ಕಾಯುತ್ತಾರೆ. ಸ್ವರ ಕೇಳಿದಾಗ ಹೊಳೆಯದಿದ್ದರೆ 'ಇನ್ನೊಂದು ಸಲ ಹಾಡುತ್ತೀರಾ' ಅಂತ ಕೇಳಬೇಕು. ಆ ಎರಡನೇ ಸಲ ಸ್ವರದ ಹೆಸರು ಹುಡುಕುತ್ತಾ ಕೂರದೆ ಮನಸ್ಸಿನಲ್ಲೇ ಜೊತೆಗೆ ಹಾಡಿಕೊಂಡು, ಎಲ್ಲಿ ನಿಂತಿತೋ ಅಲ್ಲಿಂದ ಸಗೆ ಇಳಿದು ಬರಬೇಕು. ಇಳಿಯುವಾಗ ಎಷ್ಟು ಮೆಟ್ಟಿಲು ಅಂತ ಗೊತ್ತಾದರೆ ಹೆಸರು ತಾನಾಗಿ ಸಿಗುತ್ತದೆ.

ಈ ಭಾನುವಾರ ಆ ಸೌಂಡ್ ಇಳಿಸುವ ಆಟ ಶುರು ಮಾಡಿ. ಹದಿನೈದು ದಿನ ಬಿಟ್ಟು ನನಗೆ ಬರೆಯಿರಿ. ಸೌಂಡ್ ಏರಿಸಿದಾಗ ಅವಳು ಮುಂದೆ ಹೋಗಿರುತ್ತಾಳೋ ಹಿಂದೆ ಉಳಿದಿರುತ್ತಾಳೋ, ಶ್ರುತಿ ಜಾರಿದರೆ ಯಾವ ಸ್ವರದ ಹತ್ತಿರ ಜಾರುತ್ತದೆ, ಇಷ್ಟನ್ನು ಬರೆಯಿರಿ. ಮುಂದಿನ ಹೆಜ್ಜೆ ಏನು ಅಂತ ಅದನ್ನು ನೋಡಿ ಹೇಳುತ್ತೇನೆ.